ದತ್ತು ಮಗು ಬರುವ ತನಕ ನಮ್ಮ ಬದುಕು ನಿಂತೇ ಇರಬೇಕಾ?

ಪ್ರಶ್ನೆ: ನನ್ನ ತವರು ಗದಗ, ಗಂಡನ ಮನೆ ಹುಬ್ಬಳ್ಳಿ. ಒಂಬತ್ತು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ನನಗೆ 37, ಅವರಿಗೆ 40. ಭಾರತದಿಂದ ಮಗುವನ್ನು ದತ್ತು ಪಡೆಯಲು ಇಲ್ಲಿನ ಸಂಸ್ಥೆಯ ಮೂಲಕ ಎಲ್ಲ ದಾಖಲೆ ಕೊಟ್ಟು ಎರಡು ವರ್ಷವಾಯಿತು. ಎರಡು ವರ್ಷದೊಳಗಿನ ಮಗು ಕೇಳಿದ್ದೇವೆ. ದಿನಾ ಬೆಳಗ್ಗೆ ಆರಕ್ಕೆ ಎದ್ದು ಮೊದಲು ನಮ್ಮ ಸರದಿ ಎಲ್ಲಿಗೆ ಬಂತು ಅಂತ ನೋಡುತ್ತೇನೆ. ಮಗುವಿಗೆ ಅಂತ ಸಿದ್ಧ ಮಾಡಿದ ಕೋಣೆಯ ಬಾಗಿಲು ಮುಚ್ಚಿಬಿಟ್ಟಿದ್ದೇನೆ, ಒಳಗೆ ಹೋಗಲು ಆಗುವುದಿಲ್ಲ. ಊರಿಗೆ ಟಿಕೆಟ್ ಮಾಡಿಸುವುದಿಲ್ಲ. ಗೆಳತಿಯರ ಮಕ್ಕಳ ಹುಟ್ಟುಹಬ್ಬಕ್ಕೂ ಹೋಗುವುದಿಲ್ಲ. ನಮ್ಮನೆಯವರಿಗೆ ಬೇರೆ ಊರಲ್ಲಿ ಒಳ್ಳೆ ಕೆಲಸ ಸಿಕ್ಕಿದೆ, ಸರದಿ ತಪ್ಪೀತು ಅಂತ ನಾನೇ ಬೇಡ ಎಂದಿದ್ದೇನೆ. ಅತ್ತೆ ಫೋನಿನಲ್ಲಿ, ‘ಇಲ್ಲೇ ಆಶ್ರಮದಾಗ ಎಷ್ಟ ಕೂಸು ಅದಾವ, ನಿಮಗ ಒಂದು ಸಿಗೂದಿಲ್ಲೇನು?’ ಅಂತಾರೆ. ಮೈದುನನ ಎರಡನೇ ಮಗನನ್ನೇ ತಗೊಳ್ಳಿ ಅಂತಲೂ ಹೇಳಿದ್ದಾರೆ. ಪರಿಚಯದವರೊಬ್ಬರು ಆಸ್ಪತ್ರೆಯಿಂದ ಎರಡು ತಿಂಗಳಲ್ಲಿ ಕೂಸು ಕೊಡಿಸುತ್ತೇನೆ ಅಂದಿದ್ದಾರೆ. ಅವ್ವ ಗದಗಿನಲ್ಲಿ ಮೊಮ್ಮಗುವಿಗೆ ಅಂತ ಶುರು ಮಾಡಿದ ಕೌದಿ ಅರ್ಧಕ್ಕೆ ನಿಂತಿದೆ. ಬಂದ ಮೇಲೆ ಮಗು ಈ ಪರದೇಶದಲ್ಲಿ, ಇಷ್ಟೊಂದು ಭಾಷೆಗಳ ನಡುವೆ ಹೇಗೆ ಹೊಂದಿಕೊಳ್ಳುತ್ತದೋ ಅನ್ನುವ ಭಯ ಬೇರೆ. ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮುಚ್ಚಿದ ಬಾಗಿಲು. ಧಾರವಾಡದಲ್ಲಿ ಕೂತು ಇಪ್ಪತ್ತು ವರ್ಷಕ್ಕೂ ಜಾಸ್ತಿ ದತ್ತು ಕುಟುಂಬಗಳ ಗೃಹ ಅಧ್ಯಯನ (ಮನೆಗೆ ಹೋಗಿ ಅವರ ಸ್ಥಿತಿಗತಿ ನೋಡಿ ವರದಿ ಬರೆಯುವುದು), ಆಪ್ತಸಲಹೆ ಮಾಡಿದ್ದೇನೆ. ಆ ಬಾಗಿಲನ್ನು ಇಲ್ಲಿಯ ಮನೆಗಳಲ್ಲೂ ನೋಡಿದ್ದೇನೆ. ಒಂದು ಮನೆಯಲ್ಲಿ ತೊಟ್ಟಿಲಿನ ಮೇಲೆ ಹಳೆ ಸೀರೆ ಹೊದಿಸಿ, ಅದರ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ಒಟ್ಟಿದ್ದರು. ತೊಟ್ಟಿಲು ಕಣ್ಣಿಗೆ ಬೀಳಬಾರದು ಅಂತ. ಬಸುರಿಯಾದರೆ ಓಣಿಯೆಲ್ಲ ಬಯಕೆ ಕೇಳುತ್ತದೆ, ಏಳನೇ ತಿಂಗಳಿಗೆ ಕುಬಸ ಮಾಡುತ್ತಾರೆ, ಹಸಿರು ಬಳೆ ತೊಡಿಸುತ್ತಾರೆ. ದತ್ತುವಿಗಾಗಿ ಕಾಯುವವಳ ತಿಂಗಳು ಎಣಿಸುವವರು ಯಾರೂ ಇಲ್ಲ. ನಿಮ್ಮ ಸಂಕಟಕ್ಕೆ ಕಾರಣ ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ, ತಿಳೀತಾ? ಅಷ್ಟು ಉದ್ದದ ಕಾಯುವಿಕೆಯನ್ನು ನೀವಿಬ್ಬರೇ ಹೊತ್ತಿದ್ದೀರಿ, ಅದೂ ಪರದೇಶದಲ್ಲಿ.

ಮೊದಲು ನಿಮ್ಮ ಅತ್ತೆಯವರ ಮಾತು. ಅವರು ಕೇಳಿದ್ದು ತಪ್ಪಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲಾದರೂ ಹೋಗಿ ನೋಡಿ, ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಮಕ್ಕಳಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಇದ್ದಾರೆ. ಬಡತನ, ಕಾಯಿಲೆ, ಜಗಳ, ಕುಡಿತ, ಏನೋ ಒಂದು ಕಾರಣಕ್ಕೆ ಮಗುವನ್ನು ಅಲ್ಲಿ ಬಿಟ್ಟಿದ್ದಾರೆ. ಆ ಮಗುವನ್ನು ಯಾರಿಗೂ ದತ್ತು ಕೊಡುವಂತಿಲ್ಲ. ದತ್ತುವಿಗೆ ಬರುವುದು ಅನಾಥ ಮಗು, ಹೆತ್ತವರು ತೊರೆದು ಹೋದ ಮಗು, ಹೆತ್ತವರೇ ಬರೆದುಕೊಟ್ಟು ಒಪ್ಪಿಸಿದ ಮಗು. ಅದೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ‘ಈ ಮಗು ದತ್ತುವಿಗೆ ಕಾನೂನಿನ ಪ್ರಕಾರ ಮುಕ್ತ’ ಎಂದು ಘೋಷಿಸಿದ ಮೇಲೆ ಮಾತ್ರ.

ಈ ಘೋಷಣೆಗೆ ಸಮಯ ಯಾಕೆ ಬೇಕು ಅನ್ನುವುದನ್ನು ಅತ್ತೆಯವರಿಗೆ ಬಿಡಿಸಿ ಹೇಳಿ, ಅವರಿಗೆ ಖಂಡಿತ ಅರ್ಥವಾಗುತ್ತದೆ. ತಾಯಿಯೊಬ್ಬಳು ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಿಸಲು ಅವಳಿಗೆ ಎರಡು ತಿಂಗಳು ಕೊಡುತ್ತಾರೆ. ಬಸ್ ಸ್ಟ್ಯಾಂಡಿನಲ್ಲೋ ರೈಲಿನಲ್ಲೋ ಸಿಕ್ಕ ಮಗುವಾದರೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳು. ಎರಡನೇ ತಿಂಗಳ ಕೊನೆಯ ವಾರದಲ್ಲಿ ವಾಪಸ್ ಬಂದ ತಾಯಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಒದ್ದೆ ಸೆರಗು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬನ್ನಿ ಅಂದರೂ ಬರಲಿಲ್ಲ, ಮಗು ತರುವ ತನಕ ಅಲ್ಲೇ ನಿಂತಿದ್ದಳು. ನಿಮ್ಮ ಸರದಿ ನಿಧಾನವಾಗುವುದಕ್ಕೆ ಇಂಥ ತಾಯಂದಿರಿಗೆ ಕೊಟ್ಟ ಸಮಯವೂ ಒಂದು ಕಾರಣ. ಮುಂದೊಂದು ದಿನ ಯಾರೂ ಬಂದು ಕೇಳದ ಹಾಗೆ ನಿಮ್ಮ ಮಗು ನಿಮ್ಮದಾಗುವುದೂ ಇದರಿಂದಲೇ.

ಇನ್ನೊಂದು ಕಾರಣ ಸರಳ ಲೆಕ್ಕ. ಹೀಗೆ ಮುಕ್ತರಾದ ಚಿಕ್ಕ ಮಕ್ಕಳು ಕಡಿಮೆ, ಕಾಯುವ ಮನೆಗಳು ಬಹಳ. ಎರಡು ವರ್ಷದೊಳಗಿನ ಆರೋಗ್ಯವಂತ ಮಗು ಬೇಕೆಂದವರು ಮೂರು ವರ್ಷಕ್ಕೂ ಜಾಸ್ತಿ ಕಾಯುವುದು ಈಗ ಮಾಮೂಲು. ನಿಮ್ಮಲ್ಲಿ ಏನೋ ಕೊರತೆ ಕಂಡು ಯಾರೋ ಹಿಂದೆ ಹಾಕಿದ್ದಾರೆ ಅಂತ ಅಂದುಕೊಳ್ಳಬೇಡಿ. ಭಾರತದ ಪೌರರಾಗಿ ಹೊರದೇಶದಲ್ಲಿ ಇರುವವರಿಗೆ ಇಲ್ಲೇ ಇರುವವರ ಸಮಾನ ಆದ್ಯತೆ ಇದೆ. ಪೌರತ್ವ ಬದಲಿಸುವ ಯೋಚನೆ ಇದ್ದರೆ ಮಾತ್ರ ಮೊದಲು ನಿಮ್ಮ ಸಂಸ್ಥೆಯನ್ನು ಕೇಳಿ, ಆಗ ನಿಯಮ ಬೇರೆ. ವಯಸ್ಸು ಮೀರುತ್ತದೆ ಅನ್ನುವ ಭಯವೂ ಸದ್ಯಕ್ಕೆ ಬೇಡ. ಎರಡು ವರ್ಷದೊಳಗಿನ ಮಗುವಿಗೆ ಗಂಡಹೆಂಡತಿಯ ವಯಸ್ಸು ಕೂಡಿದರೆ 85 ಮೀರಬಾರದು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ನಿಮ್ಮಿಬ್ಬರದು ಈಗ 77.

ಆಸ್ಪತ್ರೆಯಿಂದ ಕೂಸು ಕೊಡಿಸುತ್ತೇನೆ ಅಂದವರ ಬಗ್ಗೆ ಒಂದೇ ಮಾತು: ಅವರ ಫೋನು ಎತ್ತಬೇಡಿ. ಅದು ದತ್ತು ಅಲ್ಲ, ಮಗುವಿನ ಮಾರಾಟ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷ ದಂಡ ಇದೆ. ಇಂಥವರು ಮಾಡುವುದು ಸಾಮಾನ್ಯವಾಗಿ ಏನೆಂದರೆ, ನೀವೇ ಹೆತ್ತಿರಿ ಅಂತ ಜನನ ಪತ್ರ ಮಾಡಿಸುತ್ತಾರೆ. ಮುಂದೆ ಸಿಕ್ಕಿಬಿದ್ದಾಗ ಮಗುವನ್ನು ನಿಮ್ಮ ತೊಡೆಯಿಂದ ಎತ್ತಿಕೊಂಡು ಹೋಗುತ್ತಾರೆ. ಎರಡು ವರ್ಷ ಬೆಳೆಸಿದ ಮಗುವನ್ನು ಹಾಗೆ ಬಿಟ್ಟುಕೊಟ್ಟ ಒಂದು ಕುಟುಂಬದ ಜೊತೆ ನಾನು ಕೂತಿದ್ದೇನೆ. ಆ ಮಗುವೂ ‘ಅಮ್ಮಾ’ ಅನ್ನುತ್ತಲೇ ಹೋಯಿತು. ಆ ವ್ಯಕ್ತಿ ಇನ್ನೊಮ್ಮೆ ಸಂಪರ್ಕಿಸಿದರೆ ಹುಬ್ಬಳ್ಳಿಯ ಮನೆಯವರು 1098 ಮಕ್ಕಳ ಸಹಾಯವಾಣಿಗೆ ತಿಳಿಸಲಿ.

ಮೈದುನನ ಮಗನ ವಿಷಯ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ನಮ್ಮ ನೆಲದಲ್ಲಿ ದತ್ತು ಹೊಸ ಮಾತೇ ಅಲ್ಲ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ದಾಟುವಾಗಲೆಲ್ಲ ನನಗೆ ನೆನಪಾಗುತ್ತದೆ, 1824ರಲ್ಲಿ ಕಿತ್ತೂರಿನ ಯುದ್ಧ ಶುರುವಾಗಿದ್ದೇ ಶಿವಲಿಂಗಪ್ಪನ ದತ್ತುವನ್ನು ಕಂಪನಿ ಸರ್ಕಾರ ಒಪ್ಪದ್ದಕ್ಕೆ. ನಿಮ್ಮ ಗದಗ ಜಿಲ್ಲೆಯದೇ ನರಗುಂದದ ಬಾಬಾಸಾಹೇಬ 1858ರಲ್ಲಿ ತಿರುಗಿ ಬಿದ್ದದ್ದರ ಹಿಂದೆಯೂ ದತ್ತು ನಿರಾಕರಿಸಿದ ನೋವಿತ್ತು. ಆದರೆ ಆ ದತ್ತು ಗಾದಿಗೆ ವಾರಸುದಾರ ಬೇಕು ಅಂತ. ನಿಮ್ಮ ಅತ್ತೆಯವರ ಮನಸ್ಸಿನಲ್ಲಿರುವುದೂ ಅದೇ ಹಳೆಯ ದತ್ತು: ನಮ್ಮ ರಕ್ತ, ನಮ್ಮ ಮನೆತನ. ಇವತ್ತಿನ ಕಾನೂನು ಕೇಳುವುದು ಬೇರೆ ಪ್ರಶ್ನೆ. ಈ ಮಗುವಿಗೆ ಮನೆ ಬೇಕಾ? ಮೈದುನನ ಮಗನಿಗೆ ಮನೆ ಇದೆ, ಅಪ್ಪ ಅವ್ವ ಇದ್ದಾರೆ, ಅಣ್ಣನೋ ಅಕ್ಕನೋ ಇದ್ದಾರೆ.

ಕಾನೂನಿನಲ್ಲಿ ದಾರಿ ಇದೆಯೇ ಅಂದರೆ ಇದೆ. ಸ್ವಂತ ದೊಡ್ಡಪ್ಪ, ಕಾಕಾ, ಅತ್ತೆ, ಸೋದರಮಾವ, ದೊಡ್ಡವ್ವ, ಚಿಗವ್ವ, ಅಜ್ಜ, ಅಜ್ಜಿ, ಇವರು ಬಾಲನ್ಯಾಯ ಕಾಯ್ದೆಯಲ್ಲಿ ‘ಸಂಬಂಧಿಕರು’. ನಿಮ್ಮ ಮನೆಯವರು ಆ ಹುಡುಗನಿಗೆ ದೊಡ್ಡಪ್ಪ, ಹಾಗಾಗಿ ಅರ್ಹರು. (ಕಾಕಾನ ಮಗನ ಮಗು, ಸೋದರತ್ತೆಯ ಮೊಮ್ಮಗು ಅಂತ ದೂರ ಹೋದರೆ ಈ ದಾರಿ ಮುಚ್ಚಿತು.) ಆದರೆ ಊರಲ್ಲಿ ಐದು ಜನರನ್ನು ಕೂಡಿಸಿ, ಉಡಿ ತುಂಬಿ, ದತ್ತಕ ಪತ್ರ ನೋಂದಾಯಿಸಿದರೆ ಮುಗೀತು ಅಂತ ತಿಳಿಯಬೇಡಿ. ಮಗುವನ್ನು ದೇಶದಾಚೆ ಒಯ್ಯಲು ದೆಹಲಿಯ ಕಾರಾ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಆಚೆ ಬದಿಯಲ್ಲಿ ಜರ್ಮನಿ 2021ರ ಏಪ್ರಿಲ್‌ನಿಂದ, ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಬರದ ವಿದೇಶಿ ದತ್ತುವನ್ನು ನಿಷೇಧಿಸಿದೆ. ಇಲ್ಲಿ ಪೂಜೆ ಮಾಡಿ ಪೇಡೆ ಹಂಚಿದ ಮೇಲೆ ಮಗುವಿಗೆ ವೀಸಾ ಸಿಗದಿದ್ದರೆ, ಅದು ಅತ್ತ ನಿಮ್ಮದೂ ಅಲ್ಲ, ಇತ್ತ ಹೆತ್ತವರದೂ ಅಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಹೆತ್ತ ತಾಯಿ, ನಿಮ್ಮ ನೆಗೆಣ್ಣಿ, ಮನಸಾರೆ ಒಪ್ಪಿದ್ದಾಳಾ? ಅತ್ತೆ ಹೇಳಿದರು ಅಂತ ತಲೆಯಾಡಿಸಿದ್ದಾಳಾ? ನಿಮ್ಮ ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ. ಅವಳ ಜೊತೆ ಒಬ್ಬಳೇ ಇದ್ದಾಗ ಮಾತಾಡದೆ ಈ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡಬೇಡಿ.

ಕೆಲಸದ ವಿಷಯ. ಜರ್ಮನಿಯೊಳಗೇ ಬೇರೆ ಊರಿಗೆ ಹೋದರೆ ಸರದಿ ಹೋಗುತ್ತದೆ ಅನ್ನುವುದು ಸುಳ್ಳು. ಹೊರದೇಶದಲ್ಲಿರುವವರ ಸರದಿ ಎಣಿಸುವುದು ಗೃಹ ಅಧ್ಯಯನ ವರದಿ ಮತ್ತು ದಾಖಲೆಗಳನ್ನು ಕಾರಾದ ಪೋರ್ಟಲ್‌ಗೆ ಏರಿಸಿದ ದಿನದಿಂದ. ಮನೆ, ಕೆಲಸ, ಸಂಬಳ ಬದಲಾದರೆ ಆ ವರದಿಗೆ ಹೊಸ ವಿವರ ಸೇರಿಸಬೇಕು, ಅಷ್ಟೇ. ಮುಚ್ಚಿಡಬೇಡಿ. ಹೋಗುವ ಮೊದಲೇ ಸಂಸ್ಥೆಗೆ ಬರೆದು ತಿಳಿಸಿ, ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ವರದಿಯ ಆಯುಷ್ಯ ಮೂರು ವರ್ಷ. ನಿಮ್ಮದಕ್ಕೆ ಎರಡು ಆಗಿದೆ, ನವೀಕರಣಕ್ಕೆ ಹೇಗೂ ತಯಾರಾಗಬೇಕು, ಎರಡನ್ನೂ ಒಟ್ಟಿಗೆ ಮುಗಿಸಿ. ದೇಶವನ್ನೇ ಬದಲಿಸುವುದು ಮಾತ್ರ ಬೇರೆ ಮಾತು. ಒಂದೊಂದು ದೇಶಕ್ಕೆ ಒಂದೊಂದು ನಿಯಮ, ಅದೂ ಬದಲಾಗುತ್ತಾ ಇರುತ್ತದೆ. ನೆದರ್ಲೆಂಡ್ಸ್ 2024ರಲ್ಲಿ ವಿದೇಶಿ ದತ್ತುವಿಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಜರ್ಮನಿಯೊಳಗಿನ ಕೆಲಸವಾದರೆ, ನಾನಾಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ನಿಮಗಾಗಿ ಬಿಟ್ಟುಕೊಟ್ಟ ಕೆಲಸದ ಬೇಸರ ನಿಮ್ಮ ಗಂಡನ ಮನಸ್ಸಿನಲ್ಲಿ ಉಳಿದು, ಮಗು ಬಂದ ಮೇಲೆ ಯಾವುದೋ ಸಣ್ಣ ಜಗಳದಲ್ಲಿ ಹೊರಬರುವುದು ಬೇಡ.

ಬೇಗ ಆಗಲು ದಾರಿ ಇಲ್ಲವೇ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಇದೆ. ಮಗುವಿನ ವಯಸ್ಸು ಸ್ವಲ್ಪ ಹೆಚ್ಚಿಸಬಹುದು, ಒಡಹುಟ್ಟಿದ ಇಬ್ಬರನ್ನು ಕೇಳಬಹುದು, ವಿಶೇಷ ಅಗತ್ಯದ ಮಗುವನ್ನು ಕೇಳಬಹುದು. ವಿಶೇಷ ಅಗತ್ಯ ಅಂದ ಕೂಡಲೇ ಜನ ಹೆದರುತ್ತಾರೆ. ಅದರಲ್ಲಿ ಜೀವನಪೂರ್ತಿ ಆರೈಕೆ ಬೇಕಾದ ಮಕ್ಕಳೂ ಇದ್ದಾರೆ, ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಸರಿಹೋಗುವ ತೊಂದರೆ ಇರುವ ಮಕ್ಕಳೂ ಇದ್ದಾರೆ. ವೈದ್ಯಕೀಯ ವರದಿಯನ್ನು ನಿಮ್ಮದೇ ಮಕ್ಕಳ ಡಾಕ್ಟರಿಗೆ ತೋರಿಸಿ ಕೇಳಬಹುದು, ಅದಕ್ಕೆ ಸಂಕೋಚ ಬೇಡ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಸರದಿ ಬೇಗ ಬರಲಿ ಅಂತ ಮಾತ್ರ ಆರು ವರ್ಷದ ಮಗುವಿಗೆ ಹೂಂ ಅನ್ನಬೇಡಿ. ಆರು ವರ್ಷದ ಮಗುವಿಗೆ ನೆನಪುಗಳಿರುತ್ತವೆ, ಸಿಟ್ಟಿರುತ್ತದೆ, ತನ್ನದೇ ಹೆಸರಿರುತ್ತದೆ. ಅದು ನಿಮ್ಮನ್ನು ತಿಂಗಳುಗಟ್ಟಲೆ ಪರೀಕ್ಷೆ ಮಾಡುತ್ತದೆ. ಮನಸಿಟ್ಟು ದೊಡ್ಡ ಮಗುವನ್ನು ಆರಿಸಿಕೊಂಡ ಮನೆಗಳು ಇದನ್ನು ದಾಟಿ ಬಂದದ್ದನ್ನು ನೋಡಿದ್ದೇನೆ. ಆತುರಕ್ಕೆ ಆರಿಸಿಕೊಂಡವರು ಮಗುವನ್ನು ವಾಪಸ್ ಕರೆತಂದದ್ದನ್ನೂ ನೋಡಿದ್ದೇನೆ. ಅಂದು ಆ ಮಗು ತನ್ನ ಚೀಲ ತಾನೇ ಹೊತ್ತು ಒಳಗೆ ನಡೆಯಿತು, ಯಾರ ಕಡೆಗೂ ತಿರುಗಿ ನೋಡಲಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಅಳುಕಿದ್ದರೂ ಈಗಿನ ಆಯ್ಕೆಯಲ್ಲೇ ಇರಿ.

ಇನ್ನು ದಿನಗಳನ್ನು ಕಳೆಯುವ ಮಾತು. ನೀವು ಬೆಳಗ್ಗೆ ಆರಕ್ಕೆ ಸರದಿ ನೋಡುವಾಗ ದೆಹಲಿಯಲ್ಲಿ ಬೇಸಿಗೆಯಾದರೆ ಒಂಬತ್ತೂವರೆ, ಚಳಿಗಾಲವಾದರೆ ಹತ್ತೂವರೆ. ಕಚೇರಿ ಆಗಷ್ಟೇ ತೆರೆದಿರುತ್ತದೆ. ಆ ಹೊತ್ತಿಗೆ ಅಲ್ಲಿ ಏನೂ ಬದಲಾಗಿರುವುದಿಲ್ಲ, ನಿಮ್ಮ ಇಡೀ ದಿನ ಮಾತ್ರ ಹಾಳಾಗಿರುತ್ತದೆ. ವಾರಕ್ಕೊಮ್ಮೆ ನೋಡಿ, ಅದೂ ಇಬ್ಬರೂ ಕೂತು. ಮಗುವಿನ ವಿವರ ಬಂದಾಗ ಸಂಸ್ಥೆಯೇ ನಿಮಗೆ ತಿಳಿಸುತ್ತದೆ. ಆಗ ಮಾತ್ರ ಗಂಟೆಗಳ ಲೆಕ್ಕದಲ್ಲಿ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಫೋಟೋ ಬಂದ ದಿನ ಯಾರನ್ನು ಕೇಳಬೇಕು, ಯಾವ ಡಾಕ್ಟರಿಗೆ ವರದಿ ತೋರಿಸಬೇಕು, ಯಾವ ತೊಂದರೆಯನ್ನು ನಿಭಾಯಿಸಬಲ್ಲಿರಿ, ಯಾವುದು ಆಗುವುದಿಲ್ಲ, ಇದನ್ನೆಲ್ಲ ಈಗಲೇ ಮಾತಾಡಿ ಬರೆದಿಡಿ. ಊರಿಗೆ ಟಿಕೆಟ್ ಮಾಡಿಸಿ. ಈ ಎರಡು ವರ್ಷದಲ್ಲಿ ಅವ್ವನನ್ನು ಒಮ್ಮೆಯೂ ನೋಡಿಲ್ಲ ಅಂತ ನಿಮ್ಮ ಪತ್ರದಿಂದ ನನಗೆ ಅನ್ನಿಸಿತು. ಹುಟ್ಟುಹಬ್ಬಗಳಿಗೆ ಹೋಗಲೇಬೇಕು ಅಂತಿಲ್ಲ. ಆದರೆ ಯಾವ ಗೆಳತಿಯ ಮನೆಗೆ ಹೋದರೆ ಅಳಬಹುದೋ ಆ ಮನೆಗೆ ಹೋಗಿ. ರಜೆಯ ವಿಚಾರವನ್ನೂ ಈಗಲೇ ಕಚೇರಿಯಲ್ಲಿ ಕೇಳಿಡಿ. ಹೆತ್ತ ತಾಯಿಗೆ ಸಿಗುವ ಹೆರಿಗೆ ರಜೆ ಅಲ್ಲಿ ದತ್ತು ತಾಯಿಗೆ ಇಲ್ಲ. ಆದರೆ ಎಲ್ಟರ್ನ್‌ಝೈಟ್ ಅನ್ನುವ ಪೋಷಕರ ರಜೆ ಇಬ್ಬರಿಗೂ ಇದೆ, ಒಬ್ಬೊಬ್ಬರಿಗೆ ಮೂರು ವರ್ಷದ ತನಕ, ಮಗುವಿಗೆ ಎಂಟು ತುಂಬುವುದರೊಳಗೆ. ಮೊದಲ ತಿಂಗಳುಗಳಲ್ಲಿ ಒಬ್ಬರಾದರೂ ಪೂರ್ತಿ ಮನೆಯಲ್ಲಿರಿ.

ಭಾಷೆಯ ಭಯಕ್ಕೆ ಬರೋಣ. ನೀವು ಬಹುಶಃ ಕನ್ನಡ ಜೋಗುಳ ನೆನಪು ಮಾಡಿಕೊಳ್ಳುತ್ತಿದ್ದೀರಿ. ಚೆನ್ನ. ಆದರೆ ನಿಮ್ಮ ಮಗು ಒಡಿಶಾದಿಂದ ಬರಬಹುದು, ಜಾರ್ಖಂಡಿನಿಂದ ಬರಬಹುದು, ಮಹಾರಾಷ್ಟ್ರದಿಂದ ಬರಬಹುದು. ಒಂದೂವರೆ ವರ್ಷದ ಮಗುವಿಗೆ ಮಾತು ಬರದಿದ್ದರೂ ಕಿವಿಯಲ್ಲಿ ಒಂದು ಭಾಷೆ ಕೂತಿರುತ್ತದೆ. ಯಾವ ರಾಜ್ಯ ಅಂತ ತಿಳಿದ ದಿನ ಆ ಭಾಷೆಯ ಹತ್ತು ಮಾತು ಕಲಿಯಿರಿ: ನೀರು, ಊಟ, ನಿದ್ದೆ, ನೋವು, ಬಾ, ಎತ್ತಿಕೊಳ್ಳಲಾ, ನಾನು ಇಲ್ಲೇ ಇದ್ದೇನೆ. ಅಲ್ಲಿ ನೋಡಿಕೊಳ್ಳುವ ಆಯಾ ಹಾಡುವ ಹಾಡನ್ನು, ಅವರು ಒಪ್ಪಿದರೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯಲ್ಲಿ ಕನ್ನಡ ಬಿಡಬೇಡಿ. ಜರ್ಮನ್ ಶಿಶುವಿಹಾರದಲ್ಲಿ ತಾನಾಗಿ ಬರುತ್ತದೆ. ಎರಡು ಮೂರು ಭಾಷೆ ಕೇಳಿದರೆ ಮಗುವಿನ ಬುದ್ಧಿ ಗಲಿಬಿಲಿಯಾಗುತ್ತದೆ ಅನ್ನುವುದು ನಿಜವಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪಕ್ಕದ ಮನೆಯಲ್ಲಿ ಉರ್ದು ಕೇಳಿ ಬೆಳೆದ ಮಕ್ಕಳು ಹುಬ್ಬಳ್ಳಿಯಲ್ಲಿ ಎಷ್ಟು ಬೇಕು?

ನನಗೆ ಭಾಷೆಗಿಂತ ಜಾಸ್ತಿ ಯೋಚನೆ ನಿಮ್ಮ ಮನೆಯ ನಿಶ್ಶಬ್ದದ್ದು. ಸಂಸ್ಥೆಯಲ್ಲಿ ಮಗು ಸಾಲು ತೊಟ್ಟಿಲುಗಳ ನಡುವೆ ಮಲಗಿರುತ್ತದೆ. ಮೇಲೆ ಫ್ಯಾನು ಕಟಕಟ ಅನ್ನುತ್ತಿರುತ್ತದೆ, ರಾತ್ರಿಯಿಡೀ ಒಂದು ಲೈಟು ಉರಿಯುತ್ತದೆ, ಯಾವುದೋ ಮಗು ಅಳುತ್ತಿರುತ್ತದೆ. ಅಲ್ಲಿಂದ ನೇರ ಸ್ಟುಟ್‌ಗಾರ್ಟಿನ ಭಾನುವಾರದ ರಾತ್ರಿಗೆ, ದಪ್ಪ ಗಾಜಿನ ಕಿಟಕಿಯ, ಗೊಂಬೆ ತುಂಬಿದ ಬೇರೆ ಕೋಣೆಗೆ ಬಂದರೆ ಅದು ಹೆದರುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವನ್ನು ಆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸಬೇಡಿ, ನಿಮ್ಮ ಮಂಚದ ಪಕ್ಕ ಮಲಗಿಸಿ. ಸಣ್ಣ ಲೈಟು ಇರಲಿ, ಟೇಬಲ್ ಫ್ಯಾನು ಗೋಡೆಗೆ ತಿರುಗಿಸಿ ಹಚ್ಚಿ. ಬಿದ್ದಾಗ ಮಗು ಅಳದಿದ್ದರೆ ‘ಎಷ್ಟು ಶಾಣ್ಯಾ ಕೂಸು’ ಅಂತ ಮೆಚ್ಚಬೇಡಿ, ಅತ್ತರೆ ಯಾರಾದರೂ ಬರುತ್ತಾರೆ ಅಂತ ಅದಕ್ಕೆ ಇನ್ನೂ ಗೊತ್ತಿಲ್ಲದಿರಬಹುದು. ಓಡಿ ಹೋಗಿ ಎತ್ತಿಕೊಳ್ಳಿ. ತಟ್ಟೆಯಲ್ಲಿದ್ದದ್ದನ್ನು ಗಬಗಬ ತಿಂದರೆ ಕೈ ಹಿಡಿಯಬೇಡಿ. ಧಾರವಾಡದ ಒಂದು ಮನೆಯಲ್ಲಿ ಮೂರು ವರ್ಷದ ಹುಡುಗಿ ದಿನಾ ಒಂದು ತುಂಡು ರೊಟ್ಟಿಯನ್ನು ತಲೆದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದಳು. ಅವಳ ಅಮ್ಮ ಬೈಯಲಿಲ್ಲ. ಒಂದು ಸ್ಟೀಲ್ ಡಬ್ಬಿ ಕೊಟ್ಟು, ‘ಇದರಾಗ ಇಡು, ಇರುವಿ ಬರೂದಿಲ್ಲ’ ಅಂದರು. ಐದಾರು ತಿಂಗಳಾದ ಮೇಲೆ ಒಂದು ದಿನ ಡಬ್ಬಿ ಖಾಲಿ ಇತ್ತು, ಆಮೇಲೆ ಅದರಲ್ಲಿ ಬಳಪ ಬಂದವು.

ಮಗು ಬಂದ ಮೇಲೂ ಎರಡು ವರ್ಷ ಸಂಸ್ಥೆಯವರು ವಿಚಾರಿಸಿಕೊಂಡು ವರದಿ ಕಳಿಸುತ್ತಾರೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಅವರು ಬಂದಾಗ ಮನೆ ಒಪ್ಪ ಮಾಡಿ ನಗುತ್ತಾ ಕೂರಬೇಡಿ. ನಿದ್ದೆಯಿಲ್ಲ, ಸಾಕಾಗಿದೆ ಅಂತ ಇದ್ದದ್ದು ಇದ್ದಂತೆ ಹೇಳಿ. ಅವರ ಕೆಲಸವೇ ಅದು.

ಆ ಕೋಣೆಯ ಬಾಗಿಲು ತೆಗೆಯಿರಿ. ಅಲ್ಲಿ ಬಟ್ಟೆ ಒಣಹಾಕಿ, ಓದಿ, ನೆಂಟರು ಬಂದರೆ ಮಲಗಲಿ. ಈ ವಾರ ಅವ್ವನಿಗೂ ಫೋನು ಮಾಡಿ, ಕೌದಿ ಮುಗಿಸಲು ಹೇಳಿ. ಆದರೆ ಕೂಸಿನ ಅಳತೆಗೆ ಬೇಡ, ಮೂರು ವರ್ಷದ ಮಗು ಕಾಲು ಚಾಚಿದರೂ ಸಾಲುವಷ್ಟು ದೊಡ್ಡದು ಮಾಡಲಿ, ಬರುವ ಹೊತ್ತಿಗೆ ಮಗು ಎಷ್ಟು ಬೆಳೆದಿರುತ್ತದೋ ಯಾರಿಗೆ ಗೊತ್ತು. ಅವ್ವನ ಹಳೆ ಇಳಕಲ್ ಸೀರೆಯ ಜೊತೆ ನಿಮ್ಮದೂ ಒಂದು ಸೀರೆ, ನಿಮ್ಮ ಮನೆಯವರ ಒಂದು ಹಳೆ ಅಂಗಿ ಸೇರಿಸಲಿ. ಹೊಲಿದಾದ ಮೇಲೆ ಪಾರ್ಸಲ್ ತರಿಸಿಕೊಂಡು ನೀವಿಬ್ಬರೂ ಅದನ್ನೇ ಹೊದ್ದು ಮಲಗಿ, ತೊಳೆಯಬೇಡಿ. ಮಗುವನ್ನು ನೀವು ಒಪ್ಪಿ ಸಹಿ ಹಾಕಿದ ಮೇಲೆ, ಮಗು ಇರುವ ಸಂಸ್ಥೆಗೆ ಅದನ್ನು ಮುಂಚೆಯೇ ಕಳಿಸಬಹುದಾ ಅಂತ ಕೇಳಿ. ಕೆಲವು ಕಡೆ ಒಪ್ಪುತ್ತಾರೆ. ಒಪ್ಪಿದರೆ, ನಿಮ್ಮನ್ನು ನೋಡುವ ಮೊದಲೇ ಮಗುವಿಗೆ ನಿಮ್ಮ ವಾಸನೆ ಗೊತ್ತಿರುತ್ತದೆ.